ಹೆಸರು ಮೊದಲು

ಮೊನ್ನೆ ಸಂಜೆ ಕಾಫಿ ಸೋಸುತ್ತಿದ್ದೆ. ನಡುಮನೆಯಿಂದ ಪುಟ್ಟಿಯ ಕೂಗು ಕೇಳಿತು. "ದೊಡ್ಡಮ್ಮಾ, ಇದು ಏನೇನೋ ಬಡಬಡಿಸ್ತಾ ಇದೆ, ನೋಡು ಬಾ!"

ಪುಟ್ಟಿ ನನ್ನ ತಂಗಿಯ ಮಗಳು. ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆಗಳಿಗೆ ಕೂತು ಕೂತು ಸಾಕಾಗಿ, ಈಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಾಳೆ. ನನ್ನದು ಬರೀ ಬಿ.ಎ., ಬಿ.ಎಡ್. ಆದರೂ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಕೆಲವು ವರ್ಷ ನನ್ನ ಬಳಿ ಇದ್ದುದರಿಂದ ಅಷ್ಟಿಷ್ಟು ಓದಿಕೊಂಡಿದ್ದೆ.

ಅವಳು 'ಸ್ಟೂಡೆಂಟ್' ಎಂಬ ಒಂದು ಕ್ಲಾಸ್ ಬರೆದಿದ್ದಳು. ಅದರಿಂದ ಒಬ್ಬ ವಿದ್ಯಾರ್ಥಿಯನ್ನು ಮಾಡಿ ಹೆಸರು, ನಂಬರು, ಅಂಕಗಳನ್ನೆಲ್ಲ ತುಂಬಿದ್ದಳು. ಪ್ರಿಂಟ್ ಮಾಡು ಎಂದರೆ ಪರದೆಯ ಮೇಲೆ ಬಂದದ್ದು 'ಸ್ಟೂಡೆಂಟ್ ಆಬ್ಜೆಕ್ಟ್ ಅಟ್' ಎಂದು. ಅದರ ಬಾಲಕ್ಕೆ ಸೊನ್ನೆ, ಎಕ್ಸ್, ಏಳು, ಎಫ್ ಎಂದು ಅಂಕಿ ಅಕ್ಷರಗಳ ಕಲಸುಮೇಲೋಗರ.

"ಎಲ್ಲಾ ಕೊಟ್ಟಿದೀನಿ, ಆದ್ರೂ ಹೆಸರು ಹೇಳಲ್ಲ ಅನ್ನತ್ತೆ. ಇದು ನನ್ನ ತಲೆಗೆ ಹತ್ತೋದಲ್ಲ ಬಿಡು" ಎಂದಳು. ಕಣ್ಣಂಚು ಒದ್ದೆಯಾಗಿತ್ತು.

ಕಾಫಿ ಲೋಟ ಕೈಗಿಟ್ಟು ಹೇಳಿದೆ: ಅದು ತಪ್ಪಲ್ಲ ಕಣೆ. ಆ ವಿದ್ಯಾರ್ಥಿ ಕಂಪ್ಯೂಟರಿನ ನೆನಪಿನಲ್ಲಿ ಕೂತಿರುವ ಜಾಗದ ವಿಳಾಸ ಅದು. ಹದಿನಾರರ ಎಣಿಕೆಯಲ್ಲಿ ಬರೆದಿರುವುದರಿಂದ ಒಂಬತ್ತಾದ ಮೇಲೆ ಎ, ಬಿ, ಸಿ ಬರುತ್ತವೆ. ಪ್ರಿಂಟ್ ಎಂದಾಗ ಯಂತ್ರ ಆ ವಸ್ತುವನ್ನೇ "ನೀನು ಯಾರು?" ಎಂದು ಕೇಳುತ್ತದೆ. ಉತ್ತರ ಕಲಿಸದಿದ್ದರೆ ತನ್ನ ಜಾತಿಯನ್ನೂ ಕೂತ ಜಾಗವನ್ನೂ ಹೇಳಿ ಸುಮ್ಮನಾಗುತ್ತದೆ.

ಈ ಪ್ರಶ್ನೆಗೆ ಅರ್ಧ ಶತಮಾನದ ಚರಿತ್ರೆಯಿದೆ. ಕ್ಲಾಸು, ಆಬ್ಜೆಕ್ಟು ಎಂಬ ಕಲ್ಪನೆ ಮೂಡಿದ್ದು ನಾರ್ವೆಯ ಓಸ್ಲೋದಲ್ಲಿ. ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬಿಬ್ಬರು 1967ರಲ್ಲಿ ಸಿಮುಲಾ 67 ಎಂಬ ಭಾಷೆಯನ್ನು ಮುಂದಿಟ್ಟರು. ಸರದಿಯಲ್ಲಿ ಕಾಯುವ ಜನ, ಓಡಾಡುವ ವಾಹನ ಇಂಥವನ್ನು ಯಂತ್ರದೊಳಗೆ ನಟಿಸಿ ನೋಡುವುದು ಅವರ ಉದ್ದೇಶ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಹುಟ್ಟಿತು. ಅಲನ್ ಕೇ ಜೊತೆ ಅದನ್ನು ಬೆಳೆಸಿದವರಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಎಂಬ ಹೆಣ್ಣುಮಗಳೂ ಒಬ್ಬರು. ಆ ತಂಡದವರು ಶಾಲೆಯ ಮಕ್ಕಳಿಗೆ ಅದನ್ನು ಕಲಿಸಿ ನೋಡಿದರು. ಆಕೆ ಮತ್ತು ಡೇವಿಡ್ ರಾಬ್ಸನ್ ಸ್ಮಾಲ್‌ಟಾಕ್-80 ಬಗ್ಗೆ ಬರೆದ ದೊಡ್ಡ ಪುಸ್ತಕ 1983ರಲ್ಲಿ ಬಂತು.

ಸ್ಮಾಲ್‌ಟಾಕ್‌ನಲ್ಲಿ ಪ್ರತಿ ವಸ್ತುವಿಗೂ ತನ್ನನ್ನು ಬರಹದಲ್ಲಿ ತೋರಿಸಿಕೊಳ್ಳುವ ವಿದ್ಯೆ ಹುಟ್ಟಿನಿಂದಲೇ ಇತ್ತು. ನಾವೇನೂ ಕಲಿಸದಿದ್ದರೆ 'ಎ ಸ್ಟೂಡೆಂಟ್' ಎನ್ನುತ್ತಿತ್ತು. ಮೊದಲ ಅಕ್ಷರ ಸ್ವರವಾದರೆ 'ಆ್ಯನ್' ಸೇರಿಸುತ್ತಿತ್ತು. ಇಂಗ್ಲಿಷ್ ಪಾಠ ಮಾಡಿದ ನನಗೆ ಇದನ್ನು ಓದಿ ನಗು ಬಂತು. ಅದು ನೋಡುವುದು ಅಕ್ಷರವನ್ನು, ಉಚ್ಚಾರವನ್ನಲ್ಲ. ಹಾಗಾಗಿ 'ಯೂಸರ್' ಎಂಬುದಕ್ಕೂ 'ಆ್ಯನ್' ಹಚ್ಚಿಬಿಡುತ್ತದೆ. 'ಆ್ಯನ್ ಯೂನಿವರ್ಸಿಟಿ' ಎಂದು ಬರೆಯುವ ನಮ್ಮ ಮಕ್ಕಳಂತೆಯೇ!

ಆಮೇಲಿನ ಭಾಷೆಗಳೂ ಇದೇ ದಾರಿ ಹಿಡಿದವು. ಗೀಡೋ ವಾನ್ ರೋಸಮ್ 1991ರಲ್ಲಿ ಪೈಥಾನನ್ನು ಹೊರತಂದರು. 1995ರಲ್ಲಿ ಬಂದ ಜಾವಾದಲ್ಲಿ ಈ ಉತ್ತರಕ್ಕೆ 'ಟು ಸ್ಟ್ರಿಂಗ್' ಎಂದು ಹೆಸರು. ಅದೂ ಕಲಿಸದಿದ್ದರೆ ಕ್ಲಾಸಿನ ಹೆಸರಿನ ಮುಂದೆ ಒಂದು ಒಗಟಿನಂಥ ಸಂಖ್ಯೆಯನ್ನು ಅಂಟಿಸುತ್ತದೆ.

ಪೈಥಾನಿನಲ್ಲಿ ಆ ಉತ್ತರದ ಹೆಸರು 'ಎಸ್‌ಟಿಆರ್', ಹಿಂದೆ ಎರಡು ಮುಂದೆ ಎರಡು ಅಡಿಗೆರೆ. ಪುಟ್ಟಿ ಎರಡೇ ಸಾಲು ಸೇರಿಸಿದಳು. ಹೆಸರು ಮೂಡಿತು, ಮುಖ ಅರಳಿತು. ಆದರೆ ಐದು ಜನರನ್ನು ಒಂದು ಪಟ್ಟಿಯಲ್ಲಿಟ್ಟು ಪ್ರಿಂಟ್ ಮಾಡಿದ್ದೇ ತಡ, ಮತ್ತೆ ಅದೇ ವಿಳಾಸಗಳ ಸಾಲು!

"ನಿನಗೆ ಎಷ್ಟು ಹೆಸರು?" ಎಂದು ಕೇಳಿದೆ.

"ಮನೇಲಿ ಪುಟ್ಟಿ. ಮಾರ್ಕ್ಸ್ ಕಾರ್ಡಲ್ಲಿ ಬೇರೆ, ಅಪ್ಪನ ಹೆಸರೂ ಸೇರಿ."

ಪೈಥಾನಿನ ವಸ್ತುವಿಗೂ ಹಾಗೆಯೇ ಎರಡು. 'ಎಸ್‌ಟಿಆರ್' ಜನ ಓದಲೆಂದು ಇರುವ ಕರೆಯುವ ಹೆಸರು. 'ರೆಪರ್' ಎಂಬ ಇನ್ನೊಂದು ದಾಖಲೆಯ ಹೆಸರು. ಪ್ರೋಗ್ರಾಂ ಬರೆಯುವವರು ಗುರುತು ಹಿಡಿಯಲೆಂದು ಇರುವಂಥದು. ಪಟ್ಟಿಯು ತನ್ನೊಳಗಿನವರನ್ನು ಕೇಳುವುದು ಈ ಎರಡನೆಯದನ್ನು. ಅದನ್ನೂ ಕಲಿಸಬೇಕು.

ಇಷ್ಟು ಹೇಳಿ ನಾನೇ ಸುಮ್ಮನಾದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತರಗತಿಯಲ್ಲಿ ಎಪ್ಪತ್ತು ಮಕ್ಕಳು. ಹಾಜರಿ ಕರೆಯುತ್ತಿದ್ದದ್ದು ನಂಬರಿನಿಂದಲೇ. ಬೇಗ ಮುಗಿಯುತ್ತಿತ್ತು. ಒಂದು ದಿನ ಒಬ್ಬ ತಾಯಿ ಬಂದು, ಮಗಳ ಹೆಸರು ಹೇಳಿ, ಟಿ.ಸಿ. ಕೊಡಿ ಎಂದರು. ಆ ಹೆಸರಿನ ಹುಡುಗಿ ಯಾರೆಂದು ನನಗೆ ಹೊಳೆಯಲಿಲ್ಲ. ರಿಜಿಸ್ಟರಿನಲ್ಲಿ ಬೆರಳಾಡಿಸಿ ಮೂವತ್ತೇಳು ಎಂದು ಕಂಡ ಮೇಲೆಯೇ ಮೂರನೆಯ ಬೆಂಚಿನ ಮುಖ ನೆನಪಾಯಿತು. ಆಕೆ ನನ್ನನ್ನು ನೋಡುತ್ತಲೇ ಇದ್ದರು. ಆ ಹುಡುಗಿ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟಳು. ಮರುದಿನದಿಂದ ಹೆಸರು ಹಿಡಿದೇ ಹಾಜರಿ ಕರೆದೆ. ಅವಳಿಗೆ ಅದರಿಂದೇನೂ ಆಗಲಿಲ್ಲ.

"ದೊಡ್ಡಮ್ಮ, ರೆಪರ್‌ನಲ್ಲಿ ಏನು ಹಾಕಲಿ? ನಂಬರ್ ಸಾಕಾ?"

"ಎರಡೂ ಹಾಕು" ಎಂದೆ. "ಹೆಸರು ಮೊದಲು ಬರಲಿ."