ಉತ್ತರ ಗೊತ್ತಿಲ್ಲದ ಪ್ರಯೋಗ: ಗೀಸೆನ್‌ನಿಂದ ಆಸ್ಟಿನ್‌ವರೆಗೆ

ಯುಸ್ಟುಸ್ ಲೀಬಿಗ್ 1824ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದು, ಸೈನಿಕರ ಹಳೆಯ ಕಾವಲು ಕಟ್ಟಡದಲ್ಲಿ ಪ್ರಯೋಗಾಲಯವೊಂದನ್ನು ನಡೆಸತೊಡಗಿದರು. ಉಪನ್ಯಾಸ ಕೇಳುವುದು, ಅಧ್ಯಾಪಕರು ಮಾಡಿ ತೋರಿಸಿದ್ದನ್ನು ನೋಡುವುದು, ಇಷ್ಟರಲ್ಲೇ ಬಹುಮಟ್ಟಿಗೆ ಮುಗಿಯುತ್ತಿದ್ದ ರಸಾಯನಶಾಸ್ತ್ರದ ಕಲಿಕೆ ಅಲ್ಲಿ ವಿದ್ಯಾರ್ಥಿಗಳ ಕೈಗೇ ಬಂದಿತು.

ಇದನ್ನು ಸಾಧ್ಯವಾಗಿಸಿದ್ದು ಲೀಬಿಗ್ 1831ರಲ್ಲಿ ರೂಪಿಸಿದ, ಐದು ಬುರುಡೆಗಳ ಒಂದು ಪುಟ್ಟ ಗಾಜಿನ ಉಪಕರಣ. ಸಾವಯವ ವಸ್ತುವನ್ನು ತಾಮ್ರದ ಆಕ್ಸೈಡಿನೊಂದಿಗೆ ಗಾಜಿನ ನಳಿಕೆಯಲ್ಲಿ ಉರಿಸಿದಾಗ ಹೊರಡುವ ನೀರಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹೀರಿಕೊಂಡರೆ, ಇಂಗಾಲದ ಡೈಆಕ್ಸೈಡು ಬುರುಡೆಗಳಲ್ಲಿನ ಪೊಟ್ಯಾಷ್ ದ್ರಾವಣದಲ್ಲಿ ಉಳಿಯುತ್ತಿತ್ತು. ಉಪಕರಣವನ್ನು ಮೊದಲೂ ಕೊನೆಗೂ ತೂಗಿದರೆ ವಸ್ತುವಿನಲ್ಲಿದ್ದ ಇಂಗಾಲದ ಲೆಕ್ಕ ಸಿಗುತ್ತಿತ್ತು. ನುರಿತವರಿಗಷ್ಟೇ ಒಲಿಯುತ್ತಿದ್ದ ವಿಶ್ಲೇಷಣೆ ಹೀಗೆ ವಿದ್ಯಾರ್ಥಿಗಳಿಗೂ ಎಟುಕಿದ್ದರಿಂದ, ಅದುವರೆಗೆ ಯಾರೂ ಅಳೆಯದ ವಸ್ತುಗಳನ್ನು ಅವರೇ ಅಳೆದು ಫಲಿತಾಂಶ ಪ್ರಕಟಿಸಿದರು.

ಕರ್ನಾಟಕದ ಪಿಯುಸಿ ಮತ್ತು ಬಿ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿಗಳೆಲ್ಲ ಬಲ್ಲ ಲವಣ ವಿಶ್ಲೇಷಣೆಯ ಬೇರೂ ಇದೇ ಪರಂಪರೆಯಲ್ಲಿದೆ. ಮುಂದೆ ಲೀಬಿಗ್‌ರ ಸಹಾಯಕರಾದ ರೆಮಿಗಿಯುಸ್ ಫ್ರೆಸೆನಿಯುಸ್, ಲೋಹಗಳನ್ನು ಗುಂಪು ಗುಂಪಾಗಿ ಬೇರ್ಪಡಿಸಿ ಗುರುತಿಸುವ ಕ್ರಮವನ್ನು 1841ರ ಪಠ್ಯದಲ್ಲಿ ಅಚ್ಚುಕಟ್ಟಾಗಿ ನಿರೂಪಿಸಿದರು. ಆ ಕ್ರಮ ಕೈಗೂ ಕಣ್ಣಿಗೂ ಒಳ್ಳೆಯ ಶಿಸ್ತು ಕಲಿಸುತ್ತದೆಂಬುದು ನಿಜವಾದರೂ, ಲವಣ ಯಾವುದೆಂದು ಪರೀಕ್ಷಕರಿಗೆ ಮೊದಲೇ ಗೊತ್ತಿರುವುದರಿಂದ ಅಂಕ ಬೀಳುವುದು ಸರಿಯುತ್ತರಕ್ಕೆ. ಉತ್ತರ ಯಾರಲ್ಲೂ ಇಲ್ಲದ ಕೆಲಸವನ್ನು ಈ ಅಳತೆಗೋಲಿನಿಂದ ಅಳೆಯಲಾಗದು.

ಈ ತೊಡಕು ಅಮೆರಿಕದಲ್ಲಿ ಮತ್ತೆ ಎದುರಾಯಿತು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಈ ಶತಮಾನದ ಮೊದಲ ದಶಕದಲ್ಲಿ, ಪದವಿಯ ಮೊದಲ ವರ್ಷದವರನ್ನೇ ರಸಾಯನಶಾಸ್ತ್ರವೂ ಸೇರಿದಂತೆ ಹಲವು ವಿಷಯಗಳ ನೈಜ ಸಂಶೋಧನೆಗೆ ಹಚ್ಚುವ ಮೂರು ಸೆಮಿಸ್ಟರುಗಳ ಕಾರ್ಯಕ್ರಮ ಆರಂಭಿಸಿತು. ಆಸಕ್ತಿಯುಳ್ಳವರೇ ಇಂಥದಕ್ಕೆ ಸೇರುತ್ತಾರೆಂಬ ಸಂಶಯ ಸಹಜವಾದ್ದರಿಂದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಿನ್ನೆಲೆಯಲ್ಲಿ ಸರಿಸಮನಾದ, ಆದರೆ ಕಾರ್ಯಕ್ರಮಕ್ಕೆ ಸೇರದ ವಿದ್ಯಾರ್ಥಿಗಳನ್ನು ಆರಿಸಿ ಹೋಲಿಸಿತು. ಮೂರೂ ಸೆಮಿಸ್ಟರು ಮುಗಿಸಿದವರಲ್ಲಿ ಆರು ವರ್ಷದೊಳಗೆ ಪದವಿ ಪಡೆಯುವ ಸಂಭವ ಶೇ. 66ರಿಂದ ಶೇ. 83ಕ್ಕೆ ಏರಿತ್ತು, ಆ ಪದವಿ ವಿಜ್ಞಾನ, ತಂತ್ರಜ್ಞಾನ, ಗಣಿತದಂಥ ವಿಷಯದಲ್ಲೇ ಆಗಿರುವ ಸಂಭವ ಶೇ. 71ರಿಂದ ಶೇ. 94ಕ್ಕೆ ಏರಿತ್ತು. ಮೂರು ಸೆಮಿಸ್ಟರು ಹಿಡಿದು ನಿಲ್ಲುವ ಛಲ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲವೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅಂಕೆಗಳಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಪದವಿಯ ಒಟ್ಟು ಶ್ರೇಣಿಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಅಂಕಪಟ್ಟಿಯನ್ನಷ್ಟೇ ನೋಡಿದ್ದರೆ ಈ ಕಾರ್ಯಕ್ರಮದಿಂದ ಏನೂ ಆಗಲಿಲ್ಲವೆಂದೇ ತೀರ್ಮಾನವಾಗುತ್ತಿತ್ತು.