ಭರವಸೆಗೂ ಒಂದು ಪದಕೋಶ: ಆಸ್ಪತ್ರೆಯ ಇಂಗ್ಲಿಷ್ ಅರಿಯೋಣ

ಆಸ್ಪತ್ರೆಯಲ್ಲಿ ವೈದ್ಯರು ಆಡುವ ಒಂದು ಮಾತು ಮನೆಮಂದಿಯ ಅಂದಿನ ನಿದ್ರೆಯನ್ನು ನಿರ್ಧರಿಸಬಲ್ಲದು. ಕನ್ನಡದಲ್ಲೇ ಮಾತನಾಡುವ ವೈದ್ಯರೂ ರೋಗದ ಸ್ಥಿತಿಗತಿ ಹೇಳುವಾಗ ಇಂಗ್ಲಿಷ್ ಪದಗಳನ್ನು ಬಳಸುವುದು ವಾಡಿಕೆ. ಪರೀಕ್ಷಾ ವರದಿ, ಡಿಸ್ಚಾರ್ಜ್ ಸಮ್ಮರಿಗಳಂತೂ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತವೆ. 'ಸ್ಟೇಬಲ್' ಎಂದೊಡನೆ ಗುಣವಾಯಿತೆಂದು ಹಿಗ್ಗುವವರಿದ್ದಾರೆ. 'ಕ್ರಾನಿಕ್' ಎಂದೊಡನೆ ಕೈಚೆಲ್ಲಿ ಕೂರುವವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆಯೇ. ಭರವಸೆ ಇರಬೇಕು, ಆದರೆ ಅದು ಸರಿಯಾದ ಅರ್ಥದ ಮೇಲೆ ನಿಂತಿರಬೇಕು. ಅದಕ್ಕೆ ನೆರವಾಗುವ ಕೆಲವು ಪದಗಳ ಪರಿಚಯ ಇಲ್ಲಿದೆ.

'ವಾಸಿ' ಒಂದು, ಅರ್ಥ ಹಲವು

ಕನ್ನಡದಲ್ಲಿ 'ನಿನ್ನೆಗಿಂತ ಇಂದು ವಾಸಿ' ಎಂದರೆ ಕೊಂಚ ಮೇಲು ಎಂದರ್ಥ. 'ಕಾಯಿಲೆ ವಾಸಿಯಾಯಿತು' ಎಂದರೆ ರೋಗ ಪೂರ್ತಿ ಹೋಯಿತು ಎಂದರ್ಥ. ಒಂದೇ ಪದ ಎರಡೂ ಹೊರೆಗಳನ್ನು ಹೊರುತ್ತದೆ. ವೈದ್ಯಕೀಯ ಇಂಗ್ಲಿಷಿನಲ್ಲಿ ಈ ಹಂತಗಳಿಗೆ ಬೇರೆ ಬೇರೆ ಪದಗಳಿವೆ.

ಸ್ಟೇಬಲ್: ಸ್ಥಿತಿ ಸದ್ಯಕ್ಕೆ ಏರುಪೇರಾಗದೆ ಇದೆ. ಸುಧಾರಿಸಿದೆ ಎಂದು ಇದು ಹೇಳುವುದಿಲ್ಲ. ಗಣ್ಯರ ಆರೋಗ್ಯದ ಬುಲೆಟಿನ್‌ಗಳಲ್ಲಿ 'ಕ್ರಿಟಿಕಲ್ ಬಟ್ ಸ್ಟೇಬಲ್' ಎಂದು ಬರುವುದನ್ನು ಗಮನಿಸಿ. ಸ್ಥಿತಿ ಗಂಭೀರವಾಗಿಯೇ ಇದೆ, ಆದರೆ ಇನ್ನಷ್ಟು ಹದಗೆಟ್ಟಿಲ್ಲ ಎಂಬುದು ಅದರ ಅರ್ಥ.

ಇಂಪ್ರೂವಿಂಗ್: ಸುಧಾರಿಸುತ್ತಿದೆ, ದಿಕ್ಕು ಸರಿಯಿದೆ, ದಾರಿ ಇನ್ನೂ ಮುಗಿದಿಲ್ಲ.

ರಿಕವರಿ: ಚೇತರಿಕೆ. ಶಸ್ತ್ರಚಿಕಿತ್ಸೆ ಅಥವಾ ದೀರ್ಘ ಕಾಯಿಲೆಯ ನಂತರ ವಿಶ್ರಾಂತಿ ಪಡೆದು ಬಲ ಕೂಡಿಸಿಕೊಳ್ಳುವ ಅವಧಿಗೆ 'ಕನ್ವಲೆಸೆನ್ಸ್' ಎಂಬ ಪದವೂ ಇದೆ.

ರೆಮಿಷನ್: ರೋಗಲಕ್ಷಣಗಳು ತಗ್ಗಿವೆ ಅಥವಾ ಕಾಣದಾಗಿವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಹೆಚ್ಚಾಗಿ ಕೇಳಿಬರುವ ಪದವಿದು. ಸಂತೋಷದ ಸುದ್ದಿಯೇ ಹೌದು. ಆದರೆ ತಪಾಸಣೆ ನಿಲ್ಲಿಸಬಹುದೆಂಬ ಅನುಮತಿಯಲ್ಲ.

ಕ್ಯೂರ್: ರೋಗ ಸಂಪೂರ್ಣ ಗುಣವಾಗುವುದು. ವೈದ್ಯರು ಅತ್ಯಂತ ಎಚ್ಚರದಿಂದ ಬಳಸುವ ಪದ. 'ಟ್ರೀಟಬಲ್' ಎಂದರೆ ಚಿಕಿತ್ಸೆ ಇದೆ. 'ಕ್ಯೂರಬಲ್' ಎಂದರೆ ಪೂರ್ತಿ ಗುಣವಾಗಬಲ್ಲದು. ಮಧುಮೇಹ ಮೊದಲನೆಯದಕ್ಕೆ ಉದಾಹರಣೆ, ಕ್ಷಯ ಎರಡನೆಯದಕ್ಕೆ.

ಕ್ರಾನಿಕ್: ದೀರ್ಘಕಾಲ ಇರುವಂಥದು. ಮಾರಕ ಎಂಬ ಅರ್ಥ ಈ ಪದಕ್ಕಿಲ್ಲ. ರಕ್ತದೊತ್ತಡವೂ ಕ್ರಾನಿಕ್ ಕಾಯಿಲೆಯೇ. ಅದನ್ನು ಹತೋಟಿಯಲ್ಲಿಟ್ಟುಕೊಂಡು ದಶಕಗಳ ಕಾಲ ನೆಮ್ಮದಿಯಿಂದ ಬಾಳುವವರು ನಮ್ಮ ಸುತ್ತಲೇ ಇದ್ದಾರೆ.

ಈ ವ್ಯತ್ಯಾಸ ಕೇವಲ ವ್ಯಾಕರಣದ ಮಾತಲ್ಲ. ಸಾಮಾನ್ಯ ಕ್ಷಯರೋಗದ ಚಿಕಿತ್ಸೆ ಸಾಧಾರಣವಾಗಿ 6 ತಿಂಗಳು ನಡೆಯುತ್ತದೆ. ಕೆಲವೇ ವಾರಗಳಲ್ಲಿ ರೋಗಿಗೆ ಹಸಿವು ಮರಳುತ್ತದೆ, ಕೆಮ್ಮು ತಗ್ಗುತ್ತದೆ. ಅದು 'ಬೆಟರ್', 'ಕ್ಯೂರ್ಡ್' ಅಲ್ಲ. ಎರಡನ್ನೂ ಒಂದೇ ಎಂದು ಬಗೆದು ಮಾತ್ರೆ ನಿಲ್ಲಿಸಿದರೆ, ಔಷಧಕ್ಕೆ ಬಗ್ಗದ ಕ್ಷಯವಾಗಿ ಅದು ಮರುಕಳಿಸುವ ಅಪಾಯವಿದೆ. ಹೀಗೆ ರೋಗ ಮರುಕಳಿಸುವುದಕ್ಕೆ 'ರಿಲ್ಯಾಪ್ಸ್' ಎನ್ನುತ್ತಾರೆ.

ವರದಿಯಲ್ಲಿ ಕಾಣುವ ಪದಗಳು

ಬದುಕಿನಲ್ಲಿ 'ಪಾಸಿಟಿವ್' ಒಳ್ಳೆಯದು. ಪರೀಕ್ಷಾ ವರದಿಯಲ್ಲಿ ಮಾತ್ರ ಹುಡುಕಿದ್ದು ಸಿಕ್ಕಿದೆ ಎಂದಷ್ಟೇ ಅದರ ಅರ್ಥ. 2020ರ ಕೊರೊನಾ ಕಾಲದಲ್ಲಿ ಇದನ್ನು ಎಲ್ಲರೂ ಕಲಿತರು. ಆದರೆ ಪಾಸಿಟಿವ್ ಎಂದೊಡನೆ ಎದೆಗುಂದಬೇಕಿಲ್ಲ. ಸ್ತನ ಕ್ಯಾನ್ಸರಿನ ವರದಿಯಲ್ಲಿ 'ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್' ಎಂದಿದ್ದರೆ, ಹಾರ್ಮೋನ್ ಆಧಾರಿತ ಚಿಕಿತ್ಸೆಯ ದಾರಿಯೂ ತೆರೆದಿದೆ ಎಂದು ತಿಳಿಯಬೇಕು.

'ಬಿನೈನ್' ಎಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. 'ಮ್ಯಾಲಿಗ್ನಂಟ್' ಎಂದರೆ ಕ್ಯಾನ್ಸರ್ ಗಡ್ಡೆ. 'ಡಯಾಗ್ನೋಸಿಸ್' ರೋಗ ಯಾವುದೆಂಬ ನಿರ್ಣಯವಾದರೆ, 'ಪ್ರಾಗ್ನೋಸಿಸ್' ಅದು ಮುಂದೆ ಹೇಗೆ ಸಾಗಬಹುದೆಂಬ ಅಂದಾಜು. ಅಂದಾಜು ಎಂಬುದನ್ನು ನೆನಪಿಡಿ, ಅದು ಹಣೆಬರಹವಲ್ಲ.

ಒಂದು ಪದ ಅರಿತವರ ಕಥೆ

ಈ ಅಂದಾಜನ್ನು ಓದುವುದು ಹೇಗೆಂದು ತೋರಿಸಿಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಕಾಸವಾದಿ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್. 1982ರಲ್ಲಿ ಅವರಿಗೆ 'ಮೆಸೊಥೆಲಿಯೋಮ' ಎಂಬ ಅಪರೂಪದ ಕ್ಯಾನ್ಸರ್ ಹೊಟ್ಟೆಯಲ್ಲಿ ಕಾಣಿಸಿಕೊಂಡಿತು. ಗ್ರಂಥಾಲಯಕ್ಕೆ ಹೋಗಿ ಓದಿದಾಗ, ರೋಗ ಪತ್ತೆಯಾದ ನಂತರದ ಬದುಕಿನ 'ಮೀಡಿಯನ್' ಅವಧಿ 8 ತಿಂಗಳು ಎಂದಿತ್ತು.

ಇನ್ನು ಎಂಟೇ ತಿಂಗಳು ಎಂದು ಯಾರಾದರೂ ಕುಸಿಯಬಹುದಿತ್ತು. ಗೌಲ್ಡ್‌ಗೆ ಸಂಖ್ಯಾಶಾಸ್ತ್ರ ಗೊತ್ತಿತ್ತು. 'ಮೀಡಿಯನ್' ಎಂದರೆ ನಟ್ಟನಡುವಿನ ಬೆಲೆ: ಅರ್ಧದಷ್ಟು ರೋಗಿಗಳು 8 ತಿಂಗಳೊಳಗೆ ಸಾಯುತ್ತಾರೆ, ಉಳಿದರ್ಧ ಅದಕ್ಕಿಂತ ಹೆಚ್ಚು ಬದುಕುತ್ತಾರೆ. ಎಷ್ಟು ಹೆಚ್ಚು ಎಂಬುದನ್ನು ಆ ಪದ ಹೇಳುವುದಿಲ್ಲ. ಆ ಎರಡನೆಯ ಅರ್ಧದಲ್ಲಿ ಹಲವು ವರ್ಷ ಬಾಳುವವರೂ ಇರಬಹುದು. ತಮ್ಮ ವಯಸ್ಸು, ರೋಗ ಬೇಗ ಪತ್ತೆಯಾದದ್ದು, ದೊರೆಯುತ್ತಿದ್ದ ಚಿಕಿತ್ಸೆ ಇವನ್ನೆಲ್ಲ ಲೆಕ್ಕಹಾಕಿ, ತಾವು ಆ ಗುಂಪಿನಲ್ಲಿರುವ ಸಾಧ್ಯತೆ ಚೆನ್ನಾಗಿದೆ ಎಂದು ಅವರು ತೀರ್ಮಾನಿಸಿದರು. 1985ರಲ್ಲಿ ಈ ಅನುಭವವನ್ನು ಪ್ರಬಂಧವಾಗಿ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರಿನಿಂದ. ಪದದ ಅರ್ಥ ಅವರ ರೋಗವನ್ನು ಗುಣಪಡಿಸಲಿಲ್ಲ. ಚಿಕಿತ್ಸೆಗೆ ಒಡ್ಡಿಕೊಳ್ಳುವ ಮನಸ್ಸನ್ನು ಉಳಿಸಿತು.

ಆಶಾವಾದದ ಪದಗಳು

'ಆಪ್ಟಿಮಿಸಂ' ಪದದ ಬೇರು ಲ್ಯಾಟಿನ್ನಿನ 'ಆಪ್ಟಿಮಮ್', ಅಂದರೆ ಅತ್ಯುತ್ತಮ. ಆಗುವುದೆಲ್ಲ ಒಳ್ಳೆಯದಕ್ಕೇ ಎಂಬ ಕುರುಡು ನಂಬಿಕೆಯನ್ನು ಫ್ರಾನ್ಸಿನ ವಾಲ್ಟೇರ್ 1759ರಲ್ಲಿಯೇ 'ಕ್ಯಾಂಡಿಡ್' ಕೃತಿಯಲ್ಲಿ ಗೇಲಿ ಮಾಡಿದ್ದ. ಅಂಥ ಆಧಾರವಿಲ್ಲದ ಹಾರೈಕೆಗೆ ಇಂಗ್ಲಿಷಿನಲ್ಲಿ 'ವಿಷ್‌ಫುಲ್ ಥಿಂಕಿಂಗ್' ಎನ್ನುತ್ತಾರೆ. ವೈದ್ಯರು 'ಕಾಷಿಯಸ್ಲಿ ಆಪ್ಟಿಮಿಸ್ಟಿಕ್' ಎಂದರೆ, ಭರವಸೆಗೆ ಕಾರಣವಿದೆ, ಎಚ್ಚರವೂ ಬೇಕು ಎಂದರ್ಥ.

'ರೆಸಿಲಿಯನ್ಸ್' ಎಂದರೆ ಬಾಗಿದರೂ ಮುರಿಯದೆ ಮತ್ತೆ ಮೇಲೇಳುವ ಗುಣ. 'ಕೋಪ್ ವಿತ್' ಎಂದರೆ ಕಷ್ಟದೊಡನೆ ಹೊಂದಿಕೊಂಡು ನಿಭಾಯಿಸುವುದು. 'ಓವರ್‌ಕಮ್' ಎಂದರೆ ಅದನ್ನು ಮೀರಿ ನಿಲ್ಲುವುದು. ರೋಗವನ್ನು ದಾಟಿ ಬಂದವರನ್ನು 'ಸರ್ವೈವರ್' ಎನ್ನುತ್ತಾರೆ. ಅವರನ್ನು 'ವಿಕ್ಟಿಮ್' ಎಂದು ಕರೆಯುವುದು ಈಗ ಸಲ್ಲದ ಬಳಕೆ.

'ಆನ್ ದ ಮೆಂಡ್' ಎಂದರೆ ಚೇತರಿಸಿಕೊಳ್ಳುತ್ತಿದ್ದಾರೆ. 'ಪುಲ್ಡ್ ಥ್ರೂ' ಎಂದರೆ ಗಂಡಾಂತರದಿಂದ ಪಾರಾದರು. 'ಬ್ಯಾಕ್ ಆನ್ ಹರ್ ಫೀಟ್' ಎಂದರೆ ಆಕೆ ಎದ್ದು ಓಡಾಡುವಂತಾದಳು. 'ನಾಟ್ ಔಟ್ ಆಫ್ ದ ವುಡ್ಸ್ ಯೆಟ್' ಎಂದು ಕೇಳಿದರೆ ಕಾಡಿನ ಚಿಂತೆ ಬೇಡ. ಅಪಾಯ ಇನ್ನೂ ಪೂರ್ತಿ ಕಳೆದಿಲ್ಲ ಎಂಬುದಷ್ಟೇ ತಾತ್ಪರ್ಯ.

ನಾವು ಮಾಡುವ ತಪ್ಪುಗಳು

'ಮೂರು ದಿನದಿಂದ ಜ್ವರ' ಎಂಬುದನ್ನು ನಾವು 'ಸಿನ್ಸ್ ತ್ರೀ ಡೇಸ್' ಎಂದುಬಿಡುತ್ತೇವೆ. ಅವಧಿ ಹೇಳುವಾಗ 'ಫಾರ್ ತ್ರೀ ಡೇಸ್', ಆರಂಭದ ದಿನ ಹೇಳುವಾಗ 'ಸಿನ್ಸ್ ಮಂಡೇ' ಸರಿ.

'ಐ ವಿಷ್ ಯೂ ಗೆಟ್ ವೆಲ್ ಸೂನ್' ತಪ್ಪು. 'ಐ ಹೋಪ್ ಯೂ ಗೆಟ್ ವೆಲ್ ಸೂನ್' ಅಥವಾ 'ಐ ವಿಷ್ ಯೂ ಎ ಸ್ಪೀಡಿ ರಿಕವರಿ' ಎನ್ನಿ.

'ರಿಕವರ್' ಕ್ರಿಯಾಪದದ ಮುಂದೆ 'ಫ್ರಮ್' ಬೇಕು. 'ಸರ್ವೈವ್' ಮುಂದೆ ಬೇಡ: 'ಶಿ ಸರ್ವೈವ್ಡ್ ಕ್ಯಾನ್ಸರ್' ಎಂದರೆ ಸಾಕು.

ಮುಂದಿನ ಬಾರಿ ಬಂಧುಗಳೊಡನೆ ಆಸ್ಪತ್ರೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ಇದು 'ಟ್ರೀಟಬಲ್' ಮಾತ್ರವೇ, 'ಕ್ಯೂರಬಲ್' ಕೂಡ ಹೌದೇ? ಚಿಕಿತ್ಸೆ ಎಲ್ಲಿಯವರೆಗೆ ಮುಂದುವರಿಯಬೇಕು? ಉತ್ತರದಲ್ಲಿ ಅರ್ಥವಾಗದ ಪದ ಬಂದರೆ, ಅದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಲು ಸಂಕೋಚ ಬೇಡ. ತಿಳಿಯದ ಪದಕ್ಕೆ ತಲೆಯಾಡಿಸಿ ಬರುವುದಕ್ಕಿಂತ ಅದು ಮೇಲು.