ಪೈಪ್ ಸಣ್ಣದು ಮಾಡಿದರೆ ನೀರಿನ ಫೋರ್ಸ್ ಹೆಚ್ಚುತ್ತದೆಯೇ?

ಹೇಳಿಕೆ: "ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೇ? ಒಂದು ಇಂಚಿನ ಪೈಪ್ ತೆಗೆದು ಅರ್ಧ ಇಂಚಿನದು ಹಾಕಿಸಿ. ಇಲ್ಲವೇ ದೊಡ್ಡ ಟ್ಯಾಂಕ್ ಇಡಿ. ಅದೂ ಆಗದಿದ್ದರೆ ಬೀದಿಯ ಪೈಪ್‌ಗೇ ಮೋಟಾರ್ ಜೋಡಿಸಿ." ಇಂಥ ಸಲಹೆಗಳು ನಿಮಗೂ ಬಂದಿರಬಹುದು. ಮೂರನ್ನೂ ನಾವು ಪರಿಶೀಲಿಸಿದೆವು.

ಒತ್ತಡ ಬರುವುದು ಎತ್ತರದಿಂದ
ನೀರಿನ ಮಟ್ಟ 10 ಮೀಟರ್ ಮೇಲಿದ್ದರೆ ಕೆಳಗಿನ ನಲ್ಲಿಯಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 1 ಕೆ.ಜಿ. ಒತ್ತಡ ಸಿಗುತ್ತದೆ. 3 ಮೀಟರ್ ಇದ್ದರೆ 0.3 ಕೆ.ಜಿ. ಮಾತ್ರ. ಟ್ಯಾಂಕ್ 500 ಲೀಟರಿನದೋ 2,000 ಲೀಟರಿನದೋ ಎಂಬುದು ಲೆಕ್ಕಕ್ಕಿಲ್ಲ. ಮೇಲಿನ ಮಹಡಿಯ ಷವರ್‌ನಲ್ಲಿ ನೀರು ಸಣ್ಣಗೆ ಬರುವುದು ಇದಕ್ಕೇ.

ದಾವಣಗೆರೆಗೆ ಭದ್ರಾ ನಾಲೆಯ ನೀರಿನ ಜೊತೆಗೆ ಹರಿಹರದ ಬಳಿ ತುಂಗಭದ್ರಾ ನದಿಯಿಂದಲೂ ನೀರು ಬರುತ್ತದೆ. ನದಿ ತಗ್ಗಿನಲ್ಲಿದೆ, ನಗರ ಎತ್ತರದಲ್ಲಿದೆ. ಹಾಗಾಗಿ ನದಿಯ ನೀರನ್ನು ಪಂಪ್ ಮಾಡಲೇಬೇಕು. ಪ್ರತಿ 10 ಮೀಟರ್ ಏರಿಸಲು ಅದೇ 1 ಕೆ.ಜಿ. ಒತ್ತಡ ಬೇಕು. ಉದ್ದದ ಪೈಪಿನಲ್ಲಿ ಆಗುವ ಘರ್ಷಣೆಯನ್ನು ಮೀರಲು ಇನ್ನಷ್ಟು ಬೇಕು.

ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ?
ಹೌದು, ನೀರು ದೂರ ಚಿಮ್ಮುತ್ತದೆ. ಆದರೆ ಬಕೆಟ್ ತುಂಬುವುದು ತಡವಾಗುತ್ತದೆ. ಬೆರಳು ತಡೆಯುವುದು ಪೈಪಿನ ತುದಿಯನ್ನು ಮಾತ್ರ. ಇಡೀ ಪೈಪನ್ನೇ ಸಣ್ಣದು ಮಾಡಿದರೆ ಉದ್ದಕ್ಕೂ ಘರ್ಷಣೆ ಹೆಚ್ಚಿ, ನೀರೂ ಕಡಿಮೆ, ಫೋರ್ಸೂ ಕಡಿಮೆ. ಅಗಲ ಅರ್ಧವಾದರೆ ನೀರು ಹರಿಯುವ ಜಾಗ ಕಾಲುಭಾಗಕ್ಕೆ ಇಳಿಯುತ್ತದೆ.

ಬೀದಿ ಪೈಪ್‌ಗೆ ಮೋಟಾರ್: ಅಪಾಯ
ಮೋಟಾರ್ ಎಳೆದಾಗ ಬೀದಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯಬಹುದು. ಆಗ ಸೋರುವ ಜಾಗದಿಂದ ನೀರು ಹೊರಹೋಗುವ ಬದಲು, ಪಕ್ಕದ ಚರಂಡಿಯ ಕೊಳಕು ನೀರೇ ಒಳಸೇರುತ್ತದೆ. ಅದು ನಿಮ್ಮ ಮನೆಗಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳಿಗೂ ಹೋಗಬಹುದು. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಹರಡುವುದು ಹೀಗೆಯೂ ಹೌದು. ಎತ್ತರದಲ್ಲಿರುವ ಮನೆಗಳಿಗಂತೂ ನೀರೇ ಏರುವುದಿಲ್ಲ.

ಹಾಗಾದರೆ ಏನು ಮಾಡಬೇಕು?
• ಬೀದಿಯ ನೀರು ತಾನಾಗಿ ಸಂಪಿಗೆ ಬೀಳಲಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಿ.
• ಸಾಧ್ಯವಾದರೆ ಟ್ಯಾಂಕನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಏರಿಸಿ. ನಲ್ಲಿಗಿಂತ 1 ಮೀಟರ್ ಮೇಲಿದ್ದ ನೀರು 2 ಮೀಟರ್‌ಗೆ ಏರಿದರೆ ಒತ್ತಡ ಎರಡು ಪಟ್ಟಾಗುತ್ತದೆ.
• ನಲ್ಲಿಯ ಜಾಲರಿ, ಷವರ್‌ನ ತೂತುಗಳಲ್ಲಿ ಕಟ್ಟಿದ ಉಪ್ಪು ತೆಗೆಯಿರಿ.

ತೀರ್ಪು: ಮೊದಲೆರಡು ಸಲಹೆಗಳು ತಪ್ಪು. ಮೂರನೆಯದು ಅಪಾಯಕಾರಿ. ಈ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.